ಪದವಿಯೇ ಬಿಡುಗಡೆ ಪತ್ರವಾದಾಗ: ಅಮೆರಿಕದ ಕಾಲೇಜು ಆಟಗಾರರ ಕೊನೆಯ ಸೀಸನ್

ಟಿ.ಸಿ. ಎಂಬ ಕಾಗದದ ತೂಕ ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮಗುವನ್ನು ಒಂದು ಶಾಲೆಯಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸಲು ಹೊರಟ ತಂದೆತಾಯಿಯರು ಹಳೆಯ ಶಾಲೆಯ ಕಚೇರಿಯ ಮುಂದಿನ ಬೆಂಚಿನ ಮೇಲೆ ಕಾದು ಕುಳಿತದ್ದು ಈ ಸಭೆಯಲ್ಲಿ ಹಲವರಿಗೆ ನೆನಪಿರಬಹುದು. ಕ್ರಿಕೆಟ್ ಬಲ್ಲವರಿಗೆ ಇದರದೇ ಇನ್ನೊಂದು ರೂಪವಾದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಗೊತ್ತು. ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಆಡಲು ಹೋದಾಗ ಆ ಪತ್ರದ ಮಾತು ಕ್ರೀಡಾಪುಟಗಳಲ್ಲಿ ಬಂದಿತ್ತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಅಂಥದೇ ಒಂದು ಬಿಡುಗಡೆ ಪತ್ರವಿತ್ತು. ಸುಮಾರು ಒಂದೂವರೆ ದಶಕ ಕಾಲ ಆ ಪತ್ರದ ಬಹುಮುಖ್ಯ ಷರತ್ತು ಒಂದೇ ಆಗಿತ್ತು: ಆಟಗಾರನು ತನ್ನ ಪದವಿಯನ್ನು ಮುಗಿಸಿರಬೇಕು. ಓದಿ ಮುಗಿಸಿದವನಿಗೆ ತನ್ನ ಕೊನೆಯ ಸೀಸನ್ ಎಲ್ಲಿ ಆಡಬೇಕೆಂದು ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಈ ನಿಯಮ ಹೇಗೆ ಹುಟ್ಟಿತು, ಅದನ್ನು ಯಾರು ಹೇಗೆ ಬಳಸಿದರು, ಅದರ ಮೇಲೆ ಬಂದ ದೂರುಗಳಲ್ಲಿ ಎಷ್ಟು ನಿಜ ಎಂಬುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮೊದಲು ವ್ಯವಸ್ಥೆಯ ಲೆಕ್ಕವನ್ನು ಹೇಳಬೇಕು. ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲ್ದರ್ಜೆಯಾದ ಡಿವಿಷನ್ ಒಂದರಲ್ಲಿ ಈ ಕಾಲದ ಉದ್ದಕ್ಕೂ ಇದ್ದ ಮೂಲ ಸೂತ್ರವೆಂದರೆ, ಕಾಲೇಜಿಗೆ ಸೇರಿದ ದಿನದಿಂದ ಐದು ವರ್ಷ, ಆ ಐದು ವರ್ಷಗಳಲ್ಲಿ ಆಡಲು ನಾಲ್ಕು ಸೀಸನ್. ಮೊದಲ ವರ್ಷ ತಂಡದೊಡನೆ ಅಭ್ಯಾಸ ಮಾಡುತ್ತ, ಪಂದ್ಯಕ್ಕೆ ಇಳಿಯದೆ ಒಂದು ಸೀಸನ್ ಉಳಿಸಿಕೊಳ್ಳುವುದನ್ನು ಅಲ್ಲಿ ರೆಡ್‌ಶರ್ಟ್ ಎನ್ನುತ್ತಾರೆ. ಗಾಯದಿಂದಲೂ ಒಂದು ವರ್ಷ ಹೀಗೆ ಉಳಿಯುವುದುಂಟು. ಈ ಉಳಿದ ವರ್ಷವೇ ನಮ್ಮ ಕಥೆಯ ಬಂಡವಾಳ, ಏಕೆಂದರೆ ನಾಲ್ಕು ವರ್ಷಕ್ಕೆ, ಕೆಲವೊಮ್ಮೆ ಮೂರೇ ವರ್ಷಕ್ಕೆ ಓದು ಮುಗಿದು, ಆಟದ ಅರ್ಹತೆ ಮಾತ್ರ ಇನ್ನೂ ಬಾಕಿ ಇರುವ ಹುಡುಗ ಹುಡುಗಿಯರು ಹುಟ್ಟಿಕೊಳ್ಳುವುದು ಹೀಗೆ.

ಈಗ ಸರಪಳಿಯ ಕಡೆಗೆ ಬರೋಣ. ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು ಆಡುವ ಅಮೆರಿಕನ್ ಫುಟ್‌ಬಾಲ್), ಪುರುಷರ ಮತ್ತು ಮಹಿಳೆಯರ ಬಾಸ್ಕೆಟ್‌ಬಾಲ್, ಬೇಸ್‌ಬಾಲ್, ಪುರುಷರ ಐಸ್ ಹಾಕಿ ಎಂಬ ಐದು ಆಟಗಳಲ್ಲಿ ಪದವಿಗೆ ಮುಂಚೆ ಒಂದು ಮೇಲ್ದರ್ಜೆಯ ಕಾಲೇಜಿನಿಂದ ಇನ್ನೊಂದಕ್ಕೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಾಗಿತ್ತು. ಅಭ್ಯಾಸ ಮಾಡಬಹುದು, ಪಾಠ ಕೇಳಬಹುದು, ಪಂದ್ಯ ಆಡುವಂತಿಲ್ಲ. ಇದಕ್ಕೆ ಕೊಟ್ಟ ಸಮರ್ಥನೆ ಓದಿನದು: ಹೊಸ ಕಾಲೇಜಿನಲ್ಲಿ ನೆಲೆಗೊಳ್ಳಲು ಅವನಿಗೆ ಸಮಯ ಬೇಕು ಎಂಬುದು. ಆದರೆ ಅದೇ ಕಾಲದಲ್ಲಿ ಸ್ಕಾಲರ್‌ಶಿಪ್ ಹೇಗಿತ್ತು ನೋಡಿ. 1973ರಲ್ಲಿ ಎನ್‌ಸಿಎಎ ನಾಲ್ಕು ವರ್ಷದ ಸ್ಕಾಲರ್‌ಶಿಪ್‌ಗಳನ್ನು ನಿಲ್ಲಿಸಿ, ವರ್ಷ ವರ್ಷ ನವೀಕರಿಸುವ ಪದ್ಧತಿ ತಂದಿತು; ಸುಮಾರು ನಾಲ್ಕು ದಶಕ ಅದೇ ನಡೆಯಿತು. ಕಾಲೇಜು ಆಟಗಾರನನ್ನು ವರ್ಷದ ಕೊನೆಯಲ್ಲಿ ಬಿಡಬಹುದಾಗಿತ್ತು. ಕೋಚ್ ಸಂಬಳ ಹೆಚ್ಚು ಸಿಗುವ ಕಡೆ ರಾತ್ರೋರಾತ್ರಿ ಹೋಗಿ ಮರುದಿನವೇ ಹೊಸ ತಂಡದ ಶರ್ಟು ತೊಡಬಹುದಾಗಿತ್ತು. ಕಟ್ಟುಬಿದ್ದವನು ಆಟಗಾರ ಮಾತ್ರ. ಪದವೀಧರರ ವರ್ಗಾವಣೆಯ ನಿಯಮವನ್ನು ಹಣದಾಸೆಯ ನಿಯಮವೆಂದು ಹಳಿದವರ ಮಾತು ಕೇಳುವಾಗಲೆಲ್ಲ ಈ ಅಸಮಾನತೆಯನ್ನು ಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆಟಗಾರರು ಮೂರು ವರ್ಷಕ್ಕೇ ಪದವಿ ಮುಗಿಸುವುದು ಹೇಗೆ ಎಂದು ಇಲ್ಲಿಯವರು ಕೇಳುತ್ತಾರೆ. ಅದು ಜಾದೂ ಅಲ್ಲ. ಬೇಸಿಗೆಯಲ್ಲಿ ಇತರ ವಿದ್ಯಾರ್ಥಿಗಳು ಊರಿಗೆ ಹೋದಾಗ ಇವರು ದೈಹಿಕ ತರಬೇತಿಗಾಗಿ ಕ್ಯಾಂಪಸ್ಸಿನಲ್ಲೇ ಉಳಿಯುತ್ತಾರೆ, ಹಾಗೆ ಉಳಿದಾಗ ಬೇಸಿಗೆ ಕೋರ್ಸುಗಳನ್ನು ತೆಗೆದುಕೊಳ್ಳುತ್ತಾರೆ. ಫುಟ್‌ಬಾಲ್‌ನಲ್ಲಿ ಹಲವರು ಹೈಸ್ಕೂಲನ್ನು ಆರು ತಿಂಗಳು ಮೊದಲೇ ಮುಗಿಸಿ ಜನವರಿಯಲ್ಲೇ ಕಾಲೇಜಿಗೆ ಬಂದುಬಿಡುತ್ತಾರೆ. ಮೇಲೆ ಎನ್‌ಸಿಎಎಯ ಕಟ್ಟಳೆಯೂ ಇದೆ: ಎರಡನೆಯ ವರ್ಷದ ಕೊನೆಗೆ ಪದವಿಯ ಶೇಕಡಾ 40, ಮೂರನೆಯದರ ಕೊನೆಗೆ 60, ನಾಲ್ಕನೆಯದರ ಕೊನೆಗೆ 80 ಭಾಗ ಮುಗಿದಿರಬೇಕು. ಇದನ್ನು ಕಾಯುವುದಕ್ಕೇ ತಂಡಗಳಲ್ಲಿ ಸಲಹೆಗಾರರಿರುತ್ತಾರೆ. ಓದಿನಲ್ಲಿ ಚುರುಕಾದ ಹುಡುಗನಿಗೆ ಈ ಏಣಿ ಬೇಗ ಹತ್ತಿಸುವ ಏಣಿಯೂ ಆಗುತ್ತದೆ.

ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ತರಗತಿಗೆ ಪಾಠ ಮಾಡುತ್ತಿದ್ದಾಗ ಇಂಥ ಒಬ್ಬ ವಿದ್ಯಾರ್ಥಿ ನನ್ನ ಸಂಜೆಯ ತರಗತಿಯಲ್ಲಿದ್ದ. ಬೇರೆ ಕಾಲೇಜಿನಲ್ಲಿ ಪದವಿ ಮುಗಿಸಿ, ಕೊನೆಯ ಸೀಸನ್ ಆಡಲು ಬಂದವನು. ಅಭ್ಯಾಸ ಮುಗಿಸಿ ನೇರವಾಗಿ ಬರುತ್ತಿದ್ದುದರಿಂದ ಎಡ ಮೊಣಕಾಲಿಗೆ ಐಸಿನ ಚೀಲವನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿಕೊಂಡು, ಕಾಲು ಚಾಚಲು ಅನುಕೂಲವಾಗಲೆಂದು ಕೊನೆಯ ಸಾಲಿನ ಅಂಚಿನಲ್ಲಿ ಕೂರುತ್ತಿದ್ದ. ಪಾಠ ಮುಗಿಯುವ ಹೊತ್ತಿಗೆ ಐಸು ಕರಗಿ ಕೆಳಗೆ ಸಣ್ಣ ಮಡುವಾಗಿರುತ್ತಿತ್ತು. ಎಲ್ಲರೂ ಹೋದ ಮೇಲೆ ತನ್ನ ಚೀಲದ ಟವೆಲಿನಿಂದ ಅದನ್ನು ಒರೆಸಿಯೇ ಹೊರಡುತ್ತಿದ್ದ. ಒಮ್ಮೆ ಪರೀಕ್ಷೆಯ ದಿನ ತಂಡ ಬೇರೆ ರಾಜ್ಯಕ್ಕೆ ಹೋಗಬೇಕಾಗಿ ಬಂತು. ಪ್ರಶ್ನೆಪತ್ರಿಕೆಯನ್ನು ಸಲಹೆಗಾರರ ಕೈಯಲ್ಲಿ ಕಳುಹಿಸಿದೆ. ಹೋಟೆಲ್ ಕೋಣೆಯಲ್ಲಿ ಅವರ ಎದುರು ಕೂತು ಬರೆದ ಉತ್ತರ ಮೊಹರು ಮಾಡಿದ ಲಕೋಟೆಯಲ್ಲಿ ಬಂತು. ಉತ್ತರ ಚೆನ್ನಾಗಿತ್ತು. ಇಷ್ಟೊಂದು ಯಾಕೆ ಕಷ್ಟಪಡುತ್ತೀಯ ಎಂದು ಕೇಳಿದ್ದಕ್ಕೆ, "ನನಗೆ ಇಲ್ಲಿ ಸಿಕ್ಕಿರುವುದು ಹದಿನಾಲ್ಕು ವಾರ, ಪ್ರೊಫೆಸರ್, ಒಂದನ್ನೂ ಕಳೆದುಕೊಳ್ಳಲಾರೆ" ಎಂದ. ಈ ವಿಷಯದ ಬಗ್ಗೆ ನಾನು ಓದತೊಡಗಿದ್ದು ಆ ಮಾತಿನಿಂದ.

ನಿಯಮ ಹುಟ್ಟಿದ್ದು 2006ರ ಏಪ್ರಿಲ್‌ನಲ್ಲಿ. ಪದವಿ ಪಡೆದು ಆಟದ ಅರ್ಹತೆ ಉಳಿಸಿಕೊಂಡವನು ಯಾವುದೇ ಕಾಲೇಜಿನ ಸ್ನಾತಕೋತ್ತರ ವಿಭಾಗಕ್ಕೆ ಸೇರಿ, ಒಂದು ವರ್ಷ ಕೂರದೆ ಕೂಡಲೇ ಆಡಬಹುದು ಎಂದು ಎನ್‌ಸಿಎಎ ಒಪ್ಪಿತು. ಆ ಬೇಸಿಗೆಯಲ್ಲೇ ಯೂಟಾ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸಿದ್ದ ರಯಾನ್ ಸ್ಮಿತ್ ಎಂಬ ರಕ್ಷಣಾ ಆಟಗಾರ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಹೋದ. ಯೂಟಾದಲ್ಲಿ ಅವನ ಕೋಚ್ ಆಗಿದ್ದ ಅರ್ಬನ್ ಮೇಯರ್ ಅಷ್ಟು ಹೊತ್ತಿಗೆ ಫ್ಲಾರಿಡಾದಲ್ಲಿದ್ದರು. ಎದುರಾಳಿಯ ಎಂಟು ಎಸೆತಗಳನ್ನು ನಡುವೆ ಹಿಡಿದ ಸ್ಮಿತ್ ಆ ಸೀಸನ್ನಿನಲ್ಲಿ ತಂಡದಲ್ಲೇ ಮೊದಲಿಗನಾದ. ಬಾಸ್ಕೆಟ್‌ಬಾಲ್‌ನಲ್ಲಿ ಕೆವಿನ್ ಕ್ರೂಗರ್ ಅರಿಜೋನಾ ಸ್ಟೇಟ್ ಬಿಟ್ಟು, ತನ್ನ ತಂದೆ ಲಾನ್ ಕ್ರೂಗರ್ ಕೋಚ್ ಆಗಿದ್ದ ಲಾಸ್ ವೇಗಸ್ಸಿನ ಯುಎನ್‌ಎಲ್‌ವಿಗೆ ಬಂದ. ಆ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಯ ಹದಿನಾರರ ಹಂತ ತಲುಪಿತು.

ಆದರೆ 2007ರ ಜನವರಿಯ ಸಮ್ಮೇಳನದಲ್ಲಿ ಸದಸ್ಯ ಕಾಲೇಜುಗಳೇ ಮತ ಹಾಕಿ ಈ ನಿಯಮವನ್ನು ತಳ್ಳಿಹಾಕಿದವು. ಫ್ಲಾರಿಡಾ ತಂಡವು ಒಹಾಯೋ ಸ್ಟೇಟ್ ತಂಡವನ್ನು 41–14ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದದ್ದೂ ಅದೇ ತಿಂಗಳು, ಜನವರಿ 8ರಂದು. ಬಾಗಿಲು ಪೂರ್ತಿ ಮುಚ್ಚಲಿಲ್ಲ, ಒಂದು ಕಿಂಡಿ ಉಳಿಯಿತು: ತಾನು ಓದಬಯಸುವ ಸ್ನಾತಕೋತ್ತರ ವಿಷಯ ಹಳೆಯ ಕಾಲೇಜಿನಲ್ಲಿ ಇಲ್ಲವೆಂದು ತೋರಿಸಿದರೆ ವಿನಾಯಿತಿ ಕೇಳಬಹುದು. ಈ ಷರತ್ತು ನೋಡಲು ಓದಿಗೆ ಮರ್ಯಾದೆ ಕೊಟ್ಟಂತೆ ಕಾಣುತ್ತದೆ. ನಡೆದದ್ದು ಬೇರೆ. ಯಾವ ಕಾಲೇಜಿನಲ್ಲಿ ಆಡಬೇಕೆಂದು ಮೊದಲು ತೀರ್ಮಾನವಾಗಿ, ಆ ಕಾಲೇಜಿನ ಕೋರ್ಸುಗಳ ಪಟ್ಟಿಯಲ್ಲಿ ಹಳೆಯ ಕಾಲೇಜಿನಲ್ಲಿಲ್ಲದ ವಿಷಯವೊಂದನ್ನು ಆಮೇಲೆ ಹುಡುಕುವ ಪರಿಪಾಠ ಬೆಳೆಯಿತು. ತನಗೆ ನಿಜವಾಗಿ ಆಸಕ್ತಿಯಿದ್ದ ವಿಷಯವು ಎರಡೂ ಕಡೆ ಇದ್ದ ವಿದ್ಯಾರ್ಥಿಗೇ ಇದರಿಂದ ತೊಡಕಾಯಿತು. ಓದನ್ನು ನೆಪ ಮಾಡಿಕೊಳ್ಳುವಂತೆ ಆಟಗಾರನಿಗೆ ಕಲಿಸಿದ್ದು ನಿಯಮವೇ ಎಂದು ನನಗೆ ಅನಿಸುತ್ತದೆ.

ಈ ಕಿಂಡಿಯಿಂದ ಹೊರಬಂದವರಲ್ಲಿ ದೇಶಕ್ಕೆಲ್ಲ ಪರಿಚಿತನಾದವನು ರಸೆಲ್ ವಿಲ್ಸನ್. ನಾರ್ತ್ ಕ್ಯಾರೊಲೈನಾ ಸ್ಟೇಟ್‌ನಲ್ಲಿ 2007ರಲ್ಲಿ ರೆಡ್‌ಶರ್ಟ್ ಆಗಿ ಸೇರಿ, 2008ರಿಂದ ಮೂರು ಸೀಸನ್ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವನು) ಆಗಿ ಆಡಿದವನು. ಮೂರೇ ವರ್ಷಕ್ಕೆ, 2010ರಲ್ಲಿ, ಪದವಿ ಪಡೆದಿದ್ದ. ಅವನಿಗೆ ಬೇಸ್‌ಬಾಲ್ ಕೂಡ ಬರುತ್ತಿತ್ತು. 2010ರ ಜೂನ್‌ನಲ್ಲಿ ಕೊಲರಾಡೊ ರಾಕೀಸ್ ಎಂಬ ವೃತ್ತಿಪರ ಬೇಸ್‌ಬಾಲ್ ತಂಡ ಅವನನ್ನು ಆರಿಸಿಕೊಂಡ ಮರುದಿನವೇ ಅವನ ತಂದೆ ತೀರಿಕೊಂಡರು. ಮುಂದಿನ ವಸಂತದಲ್ಲಿ ಅವನು ಬೇಸ್‌ಬಾಲ್ ಅಭ್ಯಾಸಕ್ಕೆ ಹೋದಾಗ ಕೋಚ್ ಟಾಮ್ ಓಬ್ರಯನ್‌ಗೆ ಒಂದು ಪ್ರಶ್ನೆ ಎದುರಾಯಿತು: ವರ್ಷವಿಡೀ ಫುಟ್‌ಬಾಲ್‌ಗೆ ಮೀಸಲಾಗಿರುವ ಮೈಕ್ ಗ್ಲೆನನ್ ಎಂಬ ಇನ್ನೊಬ್ಬ ಹುಡುಗ ಕಾದಿದ್ದಾನೆ, ಅವನನ್ನು ಎಷ್ಟು ದಿನ ಕಾಯಿಸುವುದು? 2011ರ ಏಪ್ರಿಲ್‌ನಲ್ಲಿ ಓಬ್ರಯನ್ ವಿಲ್ಸನ್‌ನನ್ನು ಬಿಟ್ಟುಕೊಟ್ಟರು. ಇದನ್ನು ಕೋಚ್‌ನ ತಪ್ಪೆಂದು ಮುಂದೆ ಬಹಳ ಜನ ಆಡಿಕೊಂಡರು. ಅಂದಿನ ಪರಿಸ್ಥಿತಿಯಲ್ಲಿ ಗ್ಲೆನನ್‌ಗೆ ನ್ಯಾಯ ಮಾಡುವ ಬೇರೆ ದಾರಿ ಅವರಿಗಿತ್ತೆಂದು ನಾನು ಒಪ್ಪಲಾರೆ.

ಆ ಬೇಸಿಗೆ ವಿಲ್ಸನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದ. ಕ್ವಾರ್ಟರ್‌ಬ್ಯಾಕ್ ಎಂಬವನು ತಂಡದ ಬಾಯಿ ಇದ್ದಂತೆ. ಪ್ರತಿ ಆಟಕ್ಕೂ ಮುಂಚೆ ಹತ್ತು ಜನರಿಗೆ ಸಂಕೇತಗಳಲ್ಲಿ ಆಜ್ಞೆ ಕೊಡಬೇಕು, ಆ ಸಂಕೇತಗಳು ಪ್ರತಿ ತಂಡಕ್ಕೂ ಬೇರೆ. ನಾಲ್ಕು ವರ್ಷ ಒಂದು ಭಾಷೆ ಮಾತಾಡಿದವನು ಕೆಲವೇ ವಾರಗಳಲ್ಲಿ ಇನ್ನೊಂದನ್ನು ಕಲಿತು, ಅದರಲ್ಲಿ ಬೇರೆಯವರನ್ನು ನಡೆಸಬೇಕು. ವಿಲ್ಸನ್ ಬಂದ ಕೆಲವು ವಾರಗಳಿಗೇ ಸಹ ಆಟಗಾರರು ಅವನನ್ನು ನಾಯಕರಲ್ಲಿ ಒಬ್ಬನನ್ನಾಗಿ ಆರಿಸಿದರು. ಆ ಸೀಸನ್ನಿನಲ್ಲಿ ಅವನು ಎಸೆದ ಟಚ್‌ಡೌನ್‌ಗಳು, ಅಂದರೆ ಎದುರಾಳಿಯ ಅಂಚಿನ ಗೆರೆ ದಾಟಿಸಿ ಅಂಕ ತಂದ ಎಸೆತಗಳು, 33; ಎದುರಾಳಿಯ ಕೈಗೆ ಹೋದ ಎಸೆತಗಳು ಬರೇ 4. ಡಿಸೆಂಬರ್‌ನಲ್ಲಿ, ಆ ಕಾಲೇಜುಗಳು ಸೇರಿ ಆಡುವ ಬಿಗ್ ಟೆನ್ ಕೂಟದ ಮೊತ್ತಮೊದಲ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಮಿಶಿಗನ್ ಸ್ಟೇಟ್ ವಿರುದ್ಧ 42–39ರ ಗೆಲುವು. ಸೀಸನ್ ಕೊನೆಯ ರೋಸ್ ಬೌಲ್ ಎಂಬ ಪಂದ್ಯದಲ್ಲಿ ಆರೆಗನ್ ವಿರುದ್ಧ 45–38ರ ಸೋಲು. 2012ರಲ್ಲಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ, ಸಿಯಾಟಲ್ ತಂಡ 75ನೆಯವನಾಗಿ ಅವನನ್ನು ಆರಿಸಿತು, ಎರಡು ವರ್ಷಕ್ಕೆ ಅವನು ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಆಡಿದ್ದು ಒಂದೇ ಸೀಸನ್ ಆದರೂ ವಿಸ್ಕಾನ್ಸಿನ್‌ನವರು ಅವನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತಾರೆ. ಬಾಡಿಗೆ ಆಟಗಾರ ಎಂಬ ಬೈಗುಳ ಅವನಿಗೆ ಅಂಟಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲು ಗ್ರೆಗ್ ಪಾಲಸ್ ಎಂಬವನು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಆಡಿ ಪದವಿ ಮುಗಿಸಿ, ಐದನೆಯ ವರ್ಷ ತಾನು ಬೆಳೆದ ಊರಾದ ಸಿರಾಕ್ಯೂಸ್‌ನಲ್ಲಿ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದನ್ನೂ ಇಲ್ಲಿ ನೆನೆಯಬೇಕು. ತಂಡ ನಾಲ್ಕು ಪಂದ್ಯ ಗೆದ್ದು ಎಂಟು ಸೋತಿತು. ಹೈಸ್ಕೂಲಿನಲ್ಲಿ ದೇಶದ ಶ್ರೇಷ್ಠ ಫುಟ್‌ಬಾಲ್ ಆಟಗಾರನೆನಿಸಿದ್ದವನು ಬಿಟ್ಟುಬಂದ ಆಟಕ್ಕೆ ಒಂದು ಸಲ ಮರಳಿ ಹೋದ, ಅಷ್ಟೇ. ಅಂಥ ಸೀಸನ್ನಿಗೂ ಅದರದೇ ಬೆಲೆಯಿದೆ.

ಪದವಿ ಎಂಬ ಷರತ್ತು ಬರೀ ಕಾಗದದ ಮೇಲಿನದಾಗಿರಲಿಲ್ಲ ಎಂಬುದಕ್ಕೆ ವರ್ನನ್ ಆಡಮ್ಸ್‌ನ ಬೇಸಿಗೆಯೇ ಸಾಕ್ಷಿ. ವಾಷಿಂಗ್ಟನ್ ರಾಜ್ಯದ ಚೀನಿ ಎಂಬ ಚಿಕ್ಕ ಊರಿನಲ್ಲಿರುವ ಈಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಈ ಕ್ವಾರ್ಟರ್‌ಬ್ಯಾಕ್ 2015ರಲ್ಲಿ ಆರೆಗನ್‌ಗೆ ಹೋಗಲು ನಿರ್ಧರಿಸಿದ. ಆರೆಗನ್ ದೊಡ್ಡ ತಂಡ, ಹಿಂದಿನ ಸೀಸನ್ನಿನಲ್ಲಿ ರಾಷ್ಟ್ರೀಯ ಫೈನಲ್ ಆಡಿದ ತಂಡ. ಆದರೆ ಆಡಮ್ಸ್‌ಗೆ ಪದವಿಗೆ ಒಂದು ಗಣಿತದ ಕೋರ್ಸು ಬಾಕಿಯಿತ್ತು. ಆಗಸ್ಟ್ ಬಂತು, ಆರೆಗನ್‌ನಲ್ಲಿ ಅಭ್ಯಾಸ ಶಿಬಿರ ಆರಂಭವಾಯಿತು, ಅವನು ಮಾತ್ರ ಹಳೆಯ ಕಾಲೇಜಿನ ಗಣಿತದ ಪುಸ್ತಕ ಹಿಡಿದು ಕೂತಿದ್ದ. ಅತ್ತ ಕ್ರೀಡಾ ವರದಿಗಾರರೆಲ್ಲ ಒಬ್ಬ ಹುಡುಗನ ಗಣಿತ ಪರೀಕ್ಷೆಯ ಫಲಿತಾಂಶಕ್ಕೆ ಕಾದರು. ಆಗಸ್ಟ್ ಮಧ್ಯದಲ್ಲಿ ಅವನು ಪಾಸಾದ, ಪದವಿ ಕೈಗೆ ಬಂತು, ಆಗಲೇ ಅಭ್ಯಾಸಕ್ಕೆ ಇಳಿದ. ಮೂರು ವಾರದ ಮೇಲೆ, ಸೆಪ್ಟೆಂಬರ್ 5ರಂದು ಆರೆಗನ್‌ನ ಮೊದಲ ಪಂದ್ಯ. ಎದುರಾಳಿ ಈಸ್ಟರ್ನ್ ವಾಷಿಂಗ್ಟನ್. ವೇಳಾಪಟ್ಟಿ ಬಹಳ ಮೊದಲೇ ಗೊತ್ತಾಗಿದ್ದದ್ದು, ಯಾರೂ ಬೇಕೆಂದು ಮಾಡಿದ್ದಲ್ಲ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದ ಗೆಳೆಯರು ಈಗ ಅವನನ್ನು ನೆಲಕ್ಕೆ ಕೆಡವಬೇಕಾದವರು. ಆರೆಗನ್ 61–42ರಿಂದ ಗೆದ್ದಿತು. ಆ ಪಂದ್ಯದಲ್ಲೇ ಆಡಮ್ಸ್‌ನ ಬಲಗೈ ತೋರುಬೆರಳು, ಚೆಂಡೆಸೆಯುವ ಕೈಯ ಬೆರಳು, ಮುರಿಯಿತು. ಮುಂದೆ ಅವನು ಕೆಲವು ಪಂದ್ಯಗಳನ್ನು ಬಿಡಬೇಕಾಯಿತು. ಜನವರಿಯ ಅಲಾಮೊ ಬೌಲ್‌ನಲ್ಲಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ವಿರುದ್ಧ ಮೊದಲ ಅರ್ಧದಲ್ಲೇ ಗಾಯಗೊಂಡು ಹೊರಬಂದ; ಆ ಅರ್ಧದ ಕೊನೆಗೆ ತಂಡ 31–0 ಮುಂದಿತ್ತು. ಅವನಿಲ್ಲದ ಎರಡನೆಯ ಅರ್ಧದಲ್ಲಿ ಆ ಮುನ್ನಡೆಯೆಲ್ಲ ಕರಗಿ, ಮೂರು ಹೆಚ್ಚುವರಿ ಅವಧಿಗಳ ನಂತರ ಆರೆಗನ್ 47–41ರಿಂದ ಸೋತಿತು. ಒಂದೇ ಸೀಸನ್ ಇರುವವನಿಗೆ ಮುರಿದ ಬೆರಳು ವಾಸಿಯಾಗಲು ಮುಂದಿನ ವರ್ಷವಿರುವುದಿಲ್ಲ.

ಈಸ್ಟರ್ನ್ ವಾಷಿಂಗ್ಟನ್ ಅಭಿಮಾನಿಗಳ ನೋವು ಸುಳ್ಳಲ್ಲ. ಯಾರೂ ಕಣ್ಣೆತ್ತಿ ನೋಡದ ಹುಡುಗನನ್ನು ಸಣ್ಣ ಕಾಲೇಜು ಕರೆತಂದು, ಓದಿಸಿ, ಆಡಿಸಿ, ತಪ್ಪು ಮಾಡಲು ಅವಕಾಶ ಕೊಟ್ಟು ಬೆಳೆಸುತ್ತದೆ. ಫಸಲು ಕೈಗೆ ಬರುವ ವರ್ಷ ದೊಡ್ಡ ಕಾಲೇಜು ಬಂದು ಕರೆದೊಯ್ಯುತ್ತದೆ. ಪದವಿ ಬೇಗ ಮುಗಿಸುವಂತೆ ಆಟಗಾರನಿಗೆ ನೆರವಾದ ಕಾಲೇಜಿಗೇ ಅದರಿಂದ ನಷ್ಟ ಎಂಬುದು ಕಹಿಯಾದ ಮಾತು. ಆದರೂ ನನ್ನ ತಕ್ಕಡಿ ಆಟಗಾರನ ಕಡೆಗೇ ವಾಲುತ್ತದೆ. ಅವನು ಕಾಲೇಜಿಗೆ ಕೊಡುತ್ತೇನೆಂದದ್ದು ಓದು ಮತ್ತು ಆಟ. ಓದನ್ನು ಮುಗಿಸಿದ್ದಾನೆ, ಮುಗಿಸುವವರೆಗೂ ಆಡಿದ್ದಾನೆ. ಅವನು ಯಾರ ಸಾಲವನ್ನೂ ಉಳಿಸಿಕೊಂಡಿಲ್ಲ.

ಕ್ಯಾಮರನ್ ಜಾನ್ಸನ್ 2017ರಲ್ಲಿ ಬಹಿರಂಗ ಪತ್ರ ಬರೆದು ಕೇಳಿದ್ದೂ ಇದನ್ನೇ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸಿದ ಈ ಬಾಸ್ಕೆಟ್‌ಬಾಲ್ ಆಟಗಾರ ಅದೇ ಕೂಟದ ನಾರ್ತ್ ಕ್ಯಾರೊಲೈನಾಕ್ಕೆ ಹೋಗಬಯಸಿದಾಗ ಪಿಟ್ಸ್‌ಬರ್ಗ್ ತಡೆ ಹಾಕಿತು. ಹೋಗುವುದಾದರೆ ಒಂದು ವರ್ಷ ಕೂರಬೇಕು ಎಂದಿತು. ಅವನ ತಂದೆಯೂ ಅದೇ ಕಾಲೇಜಿಗೆ ಆಡಿದವರು. ನಾನು ಪದವೀಧರ, ಪದವೀಧರನಿಗೆ ಇರುವ ಹಕ್ಕು ನನಗೂ ಬೇಕು ಎಂದು ಅವನು ಪಟ್ಟುಹಿಡಿದ, ಜೂನ್‌ನಲ್ಲಿ ಕಾಲೇಜು ಮಣಿಯಿತು. ಎರಡು ವರ್ಷದ ನಂತರ ಎನ್‌ಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಆಯ್ಕೆಯಲ್ಲಿ ಅವನು 11ನೆಯವನಾದ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಕಂಪ್ಯೂಟರ್ ಪಟ್ಟಿ ಬಂದ ಮೇಲೆ, ಬೇರೆ ಕಾಲೇಜುಗಳು ಆಟಗಾರನೊಡನೆ ಮಾತಾಡಲು ಹಳೆಯ ಕಾಲೇಜಿನ ಅನುಮತಿ ಬೇಕೆಂಬ ಕಾಟ ತಪ್ಪಿತು.

ಬಯಸಿದ್ದು ಕೈಗೆಟುಕಿಯೂ ಸಿಗದೆ ಹೋದವರ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಡೇಮಿಯನ್ ಲೀ ಫಿಲಡೆಲ್ಫಿಯಾದ ಡ್ರೆಕ್ಸೆಲ್‌ನಲ್ಲಿ, ಟ್ರೇ ಲೂಯಿಸ್ ಕ್ಲೀವ್‌ಲ್ಯಾಂಡ್ ಸ್ಟೇಟ್‌ನಲ್ಲಿ ಓದಿ ಮುಗಿಸಿದವರು. ಲೀ ಅಲ್ಲಿ ಮೊಣಕಾಲಿನ ದೊಡ್ಡ ಗಾಯದಿಂದ ಎದ್ದುಬಂದವನು. ಆಗ ಪ್ರತಿ ಮಾರ್ಚ್‌ನಲ್ಲಿ 68 ತಂಡಗಳು ಆಡುತ್ತಿದ್ದ ರಾಷ್ಟ್ರೀಯ ಟೂರ್ನಿಯಲ್ಲಿ ಒಮ್ಮೆ ಆಡಬೇಕೆಂಬ ಆಸೆಯಿಂದ ಇಬ್ಬರೂ 2015ರಲ್ಲಿ ಲೂಯಿವಿಲ್ ಸೇರಿದರು. ತಂಡ ಚೆನ್ನಾಗಿ ಗೆಲ್ಲುತ್ತಿತ್ತು, ಲೀ ತಂಡದ ಮುಖ್ಯ ಸ್ಕೋರರ್ ಆಗಿದ್ದ. 2016ರ ಫೆಬ್ರವರಿ 5ರಂದು, ಇವರು ಬರುವುದಕ್ಕೆ ಮೊದಲು ನಡೆದಿದ್ದ ಅಕ್ರಮಗಳ ತನಿಖೆಯ ಹಿನ್ನೆಲೆಯಲ್ಲಿ, ಲೂಯಿವಿಲ್ ಆ ವರ್ಷದ ಟೂರ್ನಿಯಿಂದ ತನ್ನನ್ನು ತಾನೇ ಹೊರಗಿಟ್ಟುಕೊಂಡಿತು. ಉಳಿದ ಆಟಗಾರರಿಗೆ ಮುಂದಿನ ವರ್ಷವಿತ್ತು. ಈ ಇಬ್ಬರಿಗೆ ಇರಲಿಲ್ಲ. ಯಾರೋ ಮಾಡಿದ ತಪ್ಪಿನ ದಂಡವನ್ನು, ತಪ್ಪು ನಡೆದಾಗ ಆ ಊರಿನಲ್ಲೇ ಇಲ್ಲದ ಇಬ್ಬರು ಕಟ್ಟಿದರು. ಲೀ ಆರು ವರ್ಷಗಳ ನಂತರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಜೊತೆ ಎನ್‌ಬಿಎ ಪ್ರಶಸ್ತಿ ಗೆದ್ದ, ಸಂತೋಷ. ಆದರೆ ಕಾಲೇಜಿನ ಆ ಮಾರ್ಚ್ ಅವನಿಗೆ ಮರಳಿ ಬರುವಂಥದಲ್ಲ.

ಇನ್ನು ಸ್ನಾತಕೋತ್ತರ ಪದವಿಯ ಪ್ರಶ್ನೆ. ಬಂದವರು ಆಡಿ ಹೋಗುತ್ತಾರೆ, ಎರಡನೆಯ ಪದವಿ ಮುಗಿಸುವವರು ಕಡಿಮೆ ಎಂಬ ದೂರು ಮೊದಲಿನಿಂದ ಇದೆ, ಅದರಲ್ಲಿ ಹುರುಳಿದೆ. ಫುಟ್‌ಬಾಲ್ ಸೀಸನ್ ಆಗಸ್ಟ್‌ನಿಂದ ಡಿಸೆಂಬರ್ ಕೊನೆಯವರೆಗೆ. ವೃತ್ತಿಪರ ತಂಡ ಸೇರಬೇಕೆನ್ನುವವನು ಜನವರಿಯಲ್ಲೇ ತರಬೇತಿಗೆ ಹೊರಟುಬಿಡುತ್ತಾನೆ. ಎರಡು ವರ್ಷದ ಪದವಿಯಲ್ಲಿ ಅವನಿಗೆ ಸಿಕ್ಕುವುದು ಒಂದೇ ಸೆಮಿಸ್ಟರ್. ಪದವಿ ಮುಗಿಸದೆ ಹೋದವನ ಸ್ಕಾಲರ್‌ಶಿಪ್ ಸ್ಥಾನವನ್ನು ಆ ಕೋರ್ಸಿನ ಪೂರ್ಣಾವಧಿಯವರೆಗೆ ಕಾಲೇಜಿನ ಲೆಕ್ಕಕ್ಕೇ ಹಿಡಿಯಬೇಕೆಂಬ ಪ್ರಸ್ತಾಪವೊಂದು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗಾಗಿ ಬಂದಿತ್ತು. 2019ರ ಏಪ್ರಿಲ್‌ನಲ್ಲಿ ಡಿವಿಷನ್ ಒಂದರ ಕೌನ್ಸಿಲ್ ಅದನ್ನು ತಿರಸ್ಕರಿಸಿತು. ಸರಿಯಾಗಿಯೇ ತಿರಸ್ಕರಿಸಿತು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಪುರುಷರ ಬಾಸ್ಕೆಟ್‌ಬಾಲ್ ತಂಡಕ್ಕೆ ಆಗ ಇದ್ದದ್ದೇ 13 ಸ್ಕಾಲರ್‌ಶಿಪ್. ಒಂದು ಸ್ಥಾನ ಖಾಲಿ ಕೂರುವ ಭಯದಿಂದ ಕೋಚ್‌ಗಳು ಪದವೀಧರರನ್ನು ಕರೆಯುವುದನ್ನೇ ಬಿಡುತ್ತಿದ್ದರು, ಅದರ ಪೆಟ್ಟು ಓದಿದವನಿಗೇ ಬೀಳುತ್ತಿತ್ತು. ಹಾರ್ವರ್ಡ್, ಯೇಲ್ ಮೊದಲಾದ ಐವಿ ಲೀಗ್ ಕಾಲೇಜುಗಳದು ಇದಕ್ಕೆ ತದ್ವಿರುದ್ಧ ಸಂಪ್ರದಾಯ: ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ತಂಡದಲ್ಲಿ ಆಡುವಂತಿಲ್ಲ, ಕೋವಿಡ್ ಸಮಯದಲ್ಲಿ ಒಂದು ಸಲ ಮಾತ್ರ ಸಡಿಲಿಸಿದರು. ಹಾಗಾಗಿ ಗಾಯದಿಂದ ವರ್ಷ ಕಳೆದುಕೊಂಡ ಅಲ್ಲಿಯ ಆಟಗಾರರಿಗೆ ಬೇರೆ ಕಾಲೇಜೇ ಗತಿ. 2018ರಲ್ಲಿ ಐವಿ ಲೀಗಿನ ಶ್ರೇಷ್ಠ ಆಟಗಾರನೆನಿಸಿ, ಮುಂದೆ ಎರಡು ಸೀಸನ್ ಗಾಯದಲ್ಲಿ ಕಳೆದ ಹಾರ್ವರ್ಡ್‌ನ ಸೆತ್ ಟೌನ್ಸ್ 2020ರಲ್ಲಿ ತನ್ನ ಹುಟ್ಟೂರಿನ ಒಹಾಯೋ ಸ್ಟೇಟ್‌ಗೆ ಹೋದದ್ದು ಹೀಗೆ.

ಈ ನಿಯಮದ ಸುಗ್ಗಿಯ ವರ್ಷವೆಂದರೆ 2019. ಜೋ ಬರೋ ಎಂಬ ಕ್ವಾರ್ಟರ್‌ಬ್ಯಾಕ್ ಒಹಾಯೋ ಸ್ಟೇಟ್‌ನಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸಿದ್ದ, ಆಡಲು ಸಿಕ್ಕಿದ್ದು ಅತ್ಯಲ್ಪ. 2018ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ಸೇರಿದ. ಮೊದಲ ಸೀಸನ್ ಸಾಧಾರಣ, 16 ಟಚ್‌ಡೌನ್ ಎಸೆತಗಳು. ಎರಡನೆಯದರಲ್ಲಿ 60. ತಂಡ ಆಡಿದ 15 ಪಂದ್ಯಗಳನ್ನೂ ಗೆದ್ದಿತು, ಅವನಿಗೆ ವರ್ಷದ ಶ್ರೇಷ್ಠ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬಂತು. ತವರಿನ ಕೊನೆಯ ಪಂದ್ಯದಲ್ಲಿ ಅವನು ಮೈದಾನಕ್ಕೆ ಬಂದಾಗ ಬೆನ್ನ ಮೇಲಿನ ಹೆಸರಿನ ಕಾಗುಣಿತವೇ ಬದಲಾಗಿತ್ತು. ಲೂಸಿಯಾನಾದ ಫ್ರೆಂಚ್ ಮೂಲದ ಮನೆತನಗಳ ಹೆಸರು ಮುಗಿಯುವ ರೀತಿಯಲ್ಲಿ ತನ್ನ ಹೆಸರನ್ನು ಬರೆಸಿಕೊಂಡಿದ್ದ. ಒಹಾಯೋದ ಹುಡುಗನೊಬ್ಬ ಎರಡೇ ವರ್ಷದಲ್ಲಿ ಇನ್ನೊಂದು ನಾಡಿನ ಅಕ್ಷರಗಳನ್ನು ಬೆನ್ನಿಗೆ ಹೊತ್ತದ್ದನ್ನು ಕಂಡ ಆ ಜನಕ್ಕೆ ಅವನು ಹೊರಗಿನವನೆಂದು ಹೇಳಿ ನಂಬಿಸಲು ಯಾರಿಂದಲೂ ಆಗದು.

ಇನ್ನೊಬ್ಬ ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್. ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದಲ್ಲಿ 2018ರ ಜನವರಿ 8ರಂದು ಅಲಬಾಮಾ ತಂಡ ಜಾರ್ಜಿಯಾ ವಿರುದ್ಧ ರಾಷ್ಟ್ರೀಯ ಫೈನಲ್ ಆಡುತ್ತಿದ್ದಾಗ ಅರ್ಧ ಆಟಕ್ಕೆ ಅವನನ್ನು ಕೂರಿಸಿ ಟುವಾ ಟಗೋವೈಲೋವಾನನ್ನು ಇಳಿಸಿದರು, ತಂಡ ಗೆದ್ದಿತು. ಹರ್ಟ್ಸ್ ಬಿಟ್ಟುಹೋಗಲಿಲ್ಲ, ಬೆಂಚಿನಲ್ಲಿ ಕೂತು ಓದು ಮುಂದುವರಿಸಿದ. ಅದೇ ವರ್ಷ ಡಿಸೆಂಬರ್ 1ರಂದು, ಅದೇ ಕ್ರೀಡಾಂಗಣದಲ್ಲಿ, ಅದೇ ಜಾರ್ಜಿಯಾ ಎದುರು, ಟುವಾ ಗಾಯಗೊಂಡಾಗ ಎದ್ದುಬಂದು ಪಂದ್ಯವನ್ನು 35–28ರಿಂದ ಗೆಲ್ಲಿಸಿದ. ಆ ತಿಂಗಳೇ ಪದವಿ ಪಡೆದು, ಸೀಸನ್ ಮುಗಿದ ಮೇಲೆ ಓಕ್ಲಹೋಮಾಕ್ಕೆ ಹೊರಟ. ಮುಂದಿನ ಹೈಸ್‌ಮನ್ ಸ್ಪರ್ಧೆಯಲ್ಲಿ ಬರೋ ಮೊದಲಿಗ, ಹರ್ಟ್ಸ್ ಎರಡನೆಯವ. 2019ರ ಡಿಸೆಂಬರ್ 28ರಂದು ಇಬ್ಬರೂ ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ಅಟ್ಲಾಂಟಾ ಕ್ರೀಡಾಂಗಣದಲ್ಲಿ. ಬರೋ ಮೊದಲ ಅರ್ಧದಲ್ಲೇ ಏಳು ಟಚ್‌ಡೌನ್ ಎಸೆದ. ಎಲ್‌ಎಸ್‌ಯು 63, ಓಕ್ಲಹೋಮಾ 28. ಪಂದ್ಯ ಏಕಪಕ್ಷೀಯವಾಯಿತು. ನನಗೆ ಮುಖ್ಯವೆನಿಸುವುದು ಬೇರೆ: ಆ ಸಂಜೆ ಎರಡೂ ತಂಡಗಳನ್ನು ನಡೆಸಿದವರು ಪದವಿ ಪ್ರಮಾಣಪತ್ರವನ್ನೇ ಕೀಲಿಯಾಗಿ ಬಳಸಿ ಬಾಗಿಲು ತೆರೆದುಕೊಂಡವರು.

ಆ ಕೀಲಿಗೆ ಇಂದು ಹಳೆಯ ಬೆಲೆಯಿಲ್ಲ. ಕೋವಿಡ್ ವರ್ಷದಲ್ಲಿ ಆಡಿದ ಎಲ್ಲರಿಗೂ ಒಂದು ಸೀಸನ್ ಹೆಚ್ಚುವರಿಯಾಗಿ ಸಿಕ್ಕಿತು. ಲೂಯಿವಿಲ್‌ನಲ್ಲಿ ಮೂರು ವರ್ಷ ಬಾಸ್ಕೆಟ್‌ಬಾಲ್ ಆಡಿದ ಹೇಲಿ ವ್ಯಾನ್ ಲಿತ್ ಎಲ್‌ಎಸ್‌ಯುನಲ್ಲಿ ಒಂದು ವರ್ಷ ಕಳೆದು, ಆ ಹೆಚ್ಚುವರಿ ಸೀಸನ್ನಿಗೆ ಟಿಸಿಯು ಸೇರಿ, ಅಲ್ಲಿಯ ಮಹಿಳಾ ತಂಡವನ್ನು 2025ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಹಂತಕ್ಕೆ ಮುಟ್ಟಿಸಿದಳು. 2021ರಲ್ಲಿ ಎಲ್ಲ ಆಟಗಳಲ್ಲೂ ಪದವಿಯಿಲ್ಲದೆಯೇ ಒಂದು ಸಲ ಕೂರದೆ ವರ್ಗವಾಗಲು ಅವಕಾಶ ಬಂತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದ ಫೆಡರಲ್ ನ್ಯಾಯಾಲಯ ತಡೆ ನೀಡಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ಎಷ್ಟು ಸಲ ಬೇಕಾದರೂ ಹೋಗಬಹುದೆಂದಿತು, ಓದಿನಲ್ಲಿ ಅರ್ಹತೆಯೊಂದಿದ್ದರೆ ಸಾಕು. ಆಟಗಾರರಿಗೆ ಸಿಕ್ಕ ಸ್ವಾತಂತ್ರ್ಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಮೊದಲೇ ಹೇಳಿದ ಅಸಮಾನತೆ ಇಷ್ಟು ವರ್ಷ ನಡೆದದ್ದೇ ಅನ್ಯಾಯ. ಆದರೆ ಕಳೆದುಹೋದದ್ದನ್ನೂ ಹೇಳಬೇಕು. ದುಡ್ಡು, ಗೆಲುವು, ಟಿವಿ ಒಪ್ಪಂದಗಳ ನಡುವೆ ಓದು ಮುಗಿಸಿದ್ದಕ್ಕೆ ಕೂಡಲೇ ಕಣ್ಣಿಗೆ ಕಾಣುವ ಫಲ ಕೊಡುತ್ತಿದ್ದ ನಿಯಮ ಆ ಇಡೀ ವ್ಯವಸ್ಥೆಯಲ್ಲಿ ಅಪರೂಪದ್ದಾಗಿತ್ತು. ಹತ್ತೊಂಬತ್ತರ ಹುಡುಗನಿಗೆ ಬೇಸಿಗೆಯ ಗಣಿತ ತರಗತಿಗೆ ಹೋಗು ಎಂದು ಹೇಳಲು ಸಲಹೆಗಾರರಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಾಗಿರಲಿಲ್ಲ. ಈಗ ವರ್ಷಕ್ಕೊಂದು ಕಾಲೇಜು ಬದಲಿಸುವವನ ಕ್ರೆಡಿಟ್‌ಗಳು ಎಲ್ಲವೂ ಹೊಸ ಕಾಲೇಜಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಓದು ಹಿಂದೆ ಬೀಳುತ್ತದೆ.

ಮಕ್ಕಳನ್ನು ಟೆನಿಸ್, ಈಜಿನ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಕಳುಹಿಸಿರುವ, ಕಳುಹಿಸಲಿರುವ ತಂದೆತಾಯಿಯರಿಗೆ ಎರಡು ಮಾತು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಕಾಲೇಜು ಬದಲಿಸಿದರೆ ಸೆವಿಸ್ ಎಂಬ ಸರ್ಕಾರಿ ವಿದ್ಯಾರ್ಥಿ ದಾಖಲೆಯೂ ವರ್ಗವಾಗಬೇಕು, ಹೊಸ ಕಾಲೇಜಿನಿಂದ ಐ-20 ಎಂಬ ಪ್ರವೇಶ ಪತ್ರ ಬರಬೇಕು. ಕೋಚ್‌ನ ಭರವಸೆ ಇದಕ್ಕೆ ಸಾಲದು, ಎರಡೂ ಕಾಲೇಜುಗಳ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗಳನ್ನು ಮೊದಲೇ ಕೇಳಬೇಕು. ಸಹಪಾಠಿಗಳು ಜಾಹೀರಾತಿನಿಂದ ಗಳಿಸುತ್ತಾರೆಂದು ನಮ್ಮ ಮಕ್ಕಳು ಕೈಹಾಕುವಂತಿಲ್ಲ, ವೀಸಾದ ಕೆಲಸದ ನಿರ್ಬಂಧ ಅಡ್ಡ ಬರುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದ ಸೋಮದೇವ್ ದೇವವರ್ಮನ್ ಪದವಿ ಮುಗಿಸಿಯೇ ವೃತ್ತಿ ಟೆನಿಸ್‌ಗೆ ಇಳಿದರು ಎಂಬುದನ್ನೂ ಮಕ್ಕಳಿಗೆ ಹೇಳಿ.

ಹರ್ಟ್ಸ್ ವಿಷಯದಲ್ಲಿ ಒಂದು ಉಳಿಯಿತು. ಓಕ್ಲಹೋಮಾದಲ್ಲಿ ಅವನು ಆಡಿದ್ದು ಒಂದೇ ಸೀಸನ್. 2020ರಲ್ಲಿ 53ನೆಯವನಾಗಿ ಆಯ್ಕೆಯಾಗಿ ಫಿಲಡೆಲ್ಫಿಯಾ ಈಗಲ್ಸ್ ಸೇರಿದ. ಆಡಿ ಹೋಗುತ್ತಾರೆ, ಓದು ಮುಗಿಸುವುದಿಲ್ಲ ಎನ್ನುವವರ ಲೆಕ್ಕದಲ್ಲಿ ಅಂದು ಅವನೂ ಸೇರಿದ್ದ. 2023ರ ಫೆಬ್ರವರಿಯಲ್ಲಿ ಈಗಲ್ಸ್ ಸೂಪರ್ ಬೌಲ್ ಅನ್ನು 38–35ರಿಂದ ಸೋತಿತು. ಮೂರು ತಿಂಗಳ ನಂತರ, ಮೇ ತಿಂಗಳಲ್ಲಿ, ಓಕ್ಲಹೋಮಾ ವಿಶ್ವವಿದ್ಯಾಲಯ ಅವನಿಗೆ ಮಾನವ ಸಂಬಂಧಗಳ ವಿಷಯದಲ್ಲಿ ಸ್ನಾತಕೋತ್ತರ ಪದವಿ ನೀಡಿತು.